ಗೃಹಪ್ರವೇಶದ ತುಂಗೆಯ ರಕ್ತಪರೀಕ್ಷೆ

ಭದ್ರಾವತಿಯ ನಮ್ಮ ಜನ್ನಾಪುರದಲ್ಲಿ ಮನೆ ಕಟ್ಟುವವರು ಇಂಜಿನಿಯರನ್ನು ಬದಲಾಯಿಸುತ್ತಾರೆ, ಗಾರೆ ಮೇಸ್ತ್ರಿಯನ್ನು ಬದಲಾಯಿಸುತ್ತಾರೆ, ಯಾರೋ ನೆಂಟರು ವಾಸ್ತು ಹೇಳಿದರೆಂದು ಕಟ್ಟಿ ಮುಗಿದ ಬಚ್ಚಲನ್ನೇ ಒಡೆದು ಇನ್ನೊಂದು ಮೂಲೆಯಲ್ಲಿ ಕಟ್ಟುತ್ತಾರೆ. ಆದರೆ ಗೃಹಪ್ರವೇಶದ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಒಳಗೆ ಕಾಲಿಡುವ ಹಸುವಿನ ವಿಷಯದಲ್ಲಿ ಯಾರದೂ ಎರಡು ಮಾತಿರಲಿಲ್ಲ. ಅದು ಶಿವಯೋಗಪ್ಪನವರ ತುಂಗೆಯೇ ಆಗಬೇಕು.

ತುಂಗೆಯ ಯೋಗ್ಯತೆಯೂ ಅಂಥದ್ದೇ. ಅಚ್ಚ ಬಿಳಿ ಮೈ, ಹಣೆಯ ಮೇಲೆ ಅಂಗೈಯಗಲದ ಕಪ್ಪು ಮಚ್ಚೆ, ಪಕ್ಕದಲ್ಲಿ ಅಷ್ಟೇ ಲಕ್ಷಣವಾದ ಕರು. ಮೇಲಾಗಿ ಈಗಿನ ಮನೆಗಳ ನುಣುಪು ಟೈಲ್ಸ್ ಮೇಲೆ ಜಾರದೆ ನಡೆಯುವ ವಿದ್ಯೆ ಅದಕ್ಕೆ ಒಲಿದಿತ್ತು. ಮನುಷ್ಯರಿಗೇ ಅದು ಒಲಿದಿಲ್ಲ, ಬೇಕಾದರೆ ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು ಮಲಗಿರುವ ನನ್ನ ಮಾವನವರನ್ನು ಕೇಳಿ. ಬಲಗಾಲಿಟ್ಟು ಒಳಗೆ ಬಂದು, ದೇವರ ಕೋಣೆಯೆದುರು ನಿಂತು, ಕೊಟ್ಟ ಬಾಳೆಹಣ್ಣು ತಿಂದು, ಫೋಟೋದವನು ‘ಆಯ್ತು’ ಎನ್ನುವವರೆಗೆ ತುಂಗೆ ಕದಲುತ್ತಿರಲಿಲ್ಲ. ಕಿವಿಯಲ್ಲಿ ಪಶು ಇಲಾಖೆಯವರು ಚುಚ್ಚಿದ್ದ ಹಳದಿ ನಂಬರ್ ಬಿಲ್ಲೆ ಫೋಟೋದಲ್ಲಿ ಅಸಹ್ಯವಾಗಿ ಕಾಣುತ್ತದೆಂದು ಯಾರೋ ಮೂಗು ಮುರಿದಿದ್ದಕ್ಕೆ ಶಿವಯೋಗಪ್ಪನವರು ಅದನ್ನೂ ಕತ್ತರಿಸಿ ತೆಗೆದಿದ್ದರು. ಸೌಂದರ್ಯಕ್ಕಾಗಿ ಮಾಡಿದ ಆ ಕೆಲಸ ಮುಂದೆ ಎಷ್ಟು ದೂರ ಹೋಯಿತೆಂದು ಹೇಳುವುದಕ್ಕೇ ನಾನು ಕೂತಿದ್ದೇನೆ.

ನಾನು ಎದುರು ಮನೆಯ ಆನಂದ. ಶಾಮಿಯಾನ, ಕುರ್ಚಿ ಬಾಡಿಗೆಗೆ ಕೊಡುವವನು. ಹಾಗಾಗಿ ತುಂಗೆ ಹೊಕ್ಕ ಮನೆಗಳಿಗೆಲ್ಲ ನಾನೂ ಹೊಕ್ಕಿದ್ದೇನೆ, ಆದರೆ ನನಗೆ ಯಾರೂ ಆರತಿ ಎತ್ತಲಿಲ್ಲ. ಶಿವಯೋಗಪ್ಪನವರಿಗೆ ಎತ್ತುತ್ತಿದ್ದರು. ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದ ಮೇಲೆ ಅವರನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಹಸುವಿನ ಹಗ್ಗ ಕೈಗೆ ಬಂದ ಮೇಲೆ ಮೊದಲ ಪಂಕ್ತಿಯಲ್ಲಿ ಎಲೆ, ಹೆಗಲಿಗೆ ಶಲ್ಯ, ‘ಬನ್ನಿ ಯಜಮಾನ್ರೆ’ ಎಂಬ ಮಾತು. ಪುರೋಹಿತರಾದ ನರಸಿಂಹಮೂರ್ತಿ ಜೋಯಿಸರು ಪಂಚಾಂಗ ನೋಡುವ ಮೊದಲು ಇವರಿಗೆ ಫೋನ್ ಮಾಡಿ ತುಂಗೆಗೆ ಬಿಡುವಿದೆಯೇ ಎಂದು ಕೇಳುತ್ತಿದ್ದರು. ನಿಜವಾಗಿ ತುಂಗೆಯನ್ನು ಸಾಕಿದವರು ಅವರ ಹೆಂಡತಿ ಸುಭದ್ರಮ್ಮ. ತಾಯಿ ಸತ್ತ ಕರುವನ್ನು ಬಾಟಲಿಯಲ್ಲಿ ಹಾಲು ಹಾಕಿ ಉಳಿಸಿಕೊಂಡವರು. ಆದರೆ ಶಲ್ಯ ಹೊದಿಸುವವರಿಗೆ ಅದೆಲ್ಲ ಯಾಕೆ ಬೇಕು?

ಹೀಗಿರುವಾಗ ಒಂದು ದಿನ ಶಿವಮೊಗ್ಗದ ವೆಟರ್ನರಿ ಕಾಲೇಜಿನಿಂದ ಮಾನಸ ಎಂಬ ಹುಡುಗಿ ನಮ್ಮ ಬೀದಿಗೆ ಬಂದಳು. ಹಸುಗಳ ಗರ್ಭ ಬೀಳಿಸುವ, ಅವುಗಳಿಂದ ಮನುಷ್ಯರಿಗೂ ಹರಡುವ ಕಂದುರೋಗವನ್ನು (ಬ್ರೂಸೆಲ್ಲೋಸಿಸ್) ರಕ್ತದಲ್ಲಿ ಕಂಡುಹಿಡಿಯಲು ಎರಡು ಪರೀಕ್ಷೆಗಳಿವೆಯಂತೆ. ಒಂದು ಸುಲಭದ್ದು: ರಕ್ತದಿಂದ ತೆಗೆದ ತಿಳಿಗೆ ಗುಲಾಬಿ ಬಣ್ಣದ ಮದ್ದಿನ ಹನಿ ಬೆರೆಸಿದರೆ ಸಾಕು, ರೋಗವಿದ್ದರೆ ಕಾಳು ಕಟ್ಟುತ್ತದೆ. ಇನ್ನೊಂದು ದುಬಾರಿ ಯಂತ್ರದ್ದು. ಹಳ್ಳಿಯ ದವಾಖಾನೆಗಳಲ್ಲಿ ಆ ಗುಲಾಬಿ ಹನಿಯನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂದು ತೂಗಿ ನೋಡುವುದೇ ಅವಳ ಓದು.

“ಊರಲ್ಲಿ ಇಷ್ಟು ಹಸು ಇರೋವಾಗ ನಮ್ಮ ತುಂಗೇನೇ ಯಾಕೆ ಆರಿಸಿದ್ರಿ ಡಾಕ್ಟ್ರಮ್ಮ?” ಎಂದು ಶಿವಯೋಗಪ್ಪನವರು ಎದೆಯುಬ್ಬಿಸಿ ಕೇಳಿದರು.

“ಆರಿಸಿಲ್ಲ ಅಂಕಲ್. ಈ ಬೀದಿ ಹಸುಗಳದ್ದೆಲ್ಲ ತಗೋತಿದೀವಿ.”

ಇದರಲ್ಲಿ ‘ಆರಿಸಿಲ್ಲ’ ಎಂಬುದನ್ನು ಅಲ್ಲೇ ಬಿಟ್ಟು, ಸರ್ಕಾರ ತುಂಗೆಯ ರಕ್ತವನ್ನು ಸಂಶೋಧನೆಗೆ ಆರಿಸಿಕೊಂಡಿದೆ ಎಂದು ಅವರು ಸಂಜೆಯೊಳಗೆ ಜನ್ನಾಪುರಕ್ಕೆಲ್ಲ ಸಾರಿದರು. ಸುಭದ್ರಮ್ಮ ಮಾತ್ರ ಹಸುವಿನ ಕತ್ತಿನ ಮೇಲೆ ಕೂದಲು ಕತ್ತರಿಸಿ ಸೂಜಿ ಚುಚ್ಚಿದ ಜಾಗವನ್ನು ತುಂಬ ಹೊತ್ತು ಸವರುತ್ತ ಕೂತಿದ್ದರು.

ಫಲಿತಾಂಶ ಬಂದದ್ದು ಬರಬಾರದ ಹೊತ್ತಿನಲ್ಲಿ. ಶಿವಮೊಗ್ಗದ ಹೊಸಮನೆ ಬಡಾವಣೆಯಲ್ಲಿ ಗೊಬ್ಬರದ ವ್ಯಾಪಾರಿ ಭೂತಪ್ಪನವರ ಗೃಹಪ್ರವೇಶ. ಜೋಯಿಸರ ಮಂತ್ರ, ವಾಲಗ, ತಲೆಬಾಗಿಲ ಮುಂದೆ ಹೂವಿನ ಹಾರ ಹಾಕಿಕೊಂಡ ತುಂಗೆ. ಅಷ್ಟರಲ್ಲಿ ಶಿವಯೋಗಪ್ಪನವರ ಫೋನು ಬಡಿದುಕೊಂಡಿತು. ಕಾರ್ಖಾನೆಯ ಗದ್ದಲಕ್ಕೆ ಕಿವಿ ಮಂದವಾಗಿದ್ದರಿಂದ ಅವರು ಯಾವಾಗಲೂ ಸ್ಪೀಕರ್ ಹಾಕಿಯೇ ಮಾತಾಡುತ್ತಿದ್ದರು.

“ಅಂಕಲ್, ನಾನು ಮಾನಸ.”

“ಹೇಳಿ ಡಾಕ್ಟ್ರಮ್ಮ! ದೊಡ್ಡ ದೊಡ್ಡೋರೆಲ್ಲ ಇಲ್ಲೇ ಇದಾರೆ, ಜೋರಾಗೇ ಹೇಳಿ!”

“ತುಂಗೆ ರಕ್ತ ಗುಲಾಬಿ ಮದ್ದಲ್ಲಿ ಕಾಳು ಕಟ್ಟಿದೆ ಅಂಕಲ್. ಕಂದುರೋಗ ಇರಬಹುದು. ಇದು ಮನುಷ್ಯರಿಗೂ ಬರುತ್ತೆ. ಗಾಬರಿ ಬೀಳಬೇಡಿ, ಚಿಕ್ಕದರಲ್ಲಿ ಲಸಿಕೆ ಹಾಕಿದ್ರೂ ಕೆಲವು ಸಲ ಹೀಗೆ ತೋರಿಸುತ್ತೆ. ಇನ್ನೊಂದ್ಸಲ ರಕ್ತ ತಗೊಂಡು ಎರಡೂ ಪರೀಕ್ಷೆ ಮಾಡ್ತೀನಿ. ಅಲ್ಲೀತನಕ ಹಸಿ ಹಾಲು ಯಾರೂ ಕುಡೀಬೇಡಿ. ಹಸುನ ಬೇರೆಯವರ ಮನೆಗೆ ಕರ್ಕೊಂಡು ಹೋಗ್ಬೇಡಿ.”

ಈ ಕೊನೆಯ ಮಾತು ಕೇಳಿಸುವಾಗ ತುಂಗೆಯ ಮುಂಗಾಲುಗಳು ಭೂತಪ್ಪನವರ ಹಜಾರದಲ್ಲಿದ್ದವು, ಹಿಂಗಾಲುಗಳು ಹೊಸಮನೆಯ ರಸ್ತೆಯಲ್ಲಿದ್ದವು. ವಾಲಗ ನಿಂತಿತು.

“ಹೊರಗೆ ಎಳೀರಿ ಅದನ್ನ!” ಎಂದು ಭೂತಪ್ಪ ಕೂಗಿದರು.

“ಛೆ ಛೆ, ಒಳಗೆ ಬಂದ ಗೋವನ್ನ ಹಿಂದಕ್ಕೆ ತಳ್ಳಿದ್ರೆ ಲಕ್ಷ್ಮಿನೇ ಹಿಂದಕ್ಕೆ ತಳ್ಳಿದ ಹಾಗೆ ಭೂತಪ್ಪನೋರೆ,” ಎಂದರು ಜೋಯಿಸರು.

“ಹಾಗಾದ್ರೆ ಮುಂದೆ ಬರ್ಲಿ,” ಎಂದರು ಭೂತಪ್ಪನವರ ತಾಯಿ.

“ಅದು ಮುಂದೆ ಬಂದ್ರೆ ನಾನು ಈ ಮನೇಲಿ ಇರಲ್ಲ,” ಎಂದಳು ಸೊಸೆ.

ಶಾಸ್ತ್ರ ಮತ್ತು ವೈದ್ಯ ಹೀಗೆ ಹೊಸ್ತಿಲ ಮೇಲೆ ಜಗಳಕ್ಕೆ ನಿಂತಿದ್ದಾಗ ತುಂಗೆ ಸಗಣಿ ಹಾಕಿತು. ಗೃಹಪ್ರವೇಶದಲ್ಲಿ ಅದಕ್ಕಿಂತ ಶುಭವಿಲ್ಲ. ಅರ್ಧ ಜನ ಕೈಮುಗಿದರು, ಅರ್ಧ ಜನ ಮೂಗು ಮುಚ್ಚಿಕೊಂಡರು, ಜೋಯಿಸರು ಎರಡನ್ನೂ ಒಟ್ಟಿಗೆ ಮಾಡಲು ನೋಡಿದರು. ಕೊನೆಗೆ ಹಜಾರದ ಪಕ್ಕದ ಬಾಗಿಲಿನಿಂದ ಹಸುವನ್ನು ಹೊರಡಿಸಿದರೆ ಹಿಂದೆ ಸರಿದಂತಾಗುವುದಿಲ್ಲ ಎಂದು ತೀರ್ಮಾನವಾಯಿತು. ಶಿವಯೋಗಪ್ಪನವರನ್ನು ಯಾರೂ ಊಟಕ್ಕೆ ಕರೆಯಲಿಲ್ಲ. ನನ್ನ ಕುರ್ಚಿಗಳ ಹಿಂದೆ ತುಂಗೆಯ ಹಗ್ಗ ಹಿಡಿದು ನಿಂತಿದ್ದವರನ್ನು ನಾನೇ ಲಗೇಜ್ ಆಟೋ ಹತ್ತಿಸಿ ಕಳಿಸಿದೆ.

ಸುದ್ದಿ ಅವರಿಗಿಂತ ಮುಂಚೆಯೇ ಜನ್ನಾಪುರ ತಲುಪಿತ್ತು. ತುಂಗೆ ಹೊಕ್ಕ ಮನೆಯವರೆಲ್ಲ ಹಳೆಯ ನೋವುಗಳನ್ನು ಹುಡುಕಿ ಹೊರತೆಗೆದರು. “ಅದಕ್ಕೇ ನಮ್ಮನೆ ಬೋರು ಬತ್ತಿದ್ದು,” ಎಂದರು ಮೂಲೆಮನೆಯ ಕಾಳಮ್ಮ. ಇನ್ನೊಬ್ಬರ ಮಂಡಿನೋವು, ಮತ್ತೊಬ್ಬರ ಮಗಳಿಗೆ ಸಂಬಂಧ ಕೂಡಿಬರದಿದ್ದದ್ದು ಎಲ್ಲಕ್ಕೂ ಕಾರಣ ಸಿಕ್ಕಿತು. ಜೋಯಿಸರು ಮನೆಮನೆಗೆ ಶುದ್ಧಿ ಮಾಡಿಸುವ ಕೆಲಸದಲ್ಲಿ ಮುಳುಗಿದರು. ಅವರು ಎಲ್ಲಿಂದಲೋ ತಂದ ಬದಲಿ ಹಸು ಮೊದಲನೆಯ ಮನೆಯಲ್ಲೇ ಟೈಲ್ಸ್ ಮೇಲೆ ಜಾರಿ ಹೊಸ ಫ್ರಿಜ್ಜಿಗೆ ಗುದ್ದಿತು. ಆದರೂ ತುಂಗೆಯನ್ನು ಕರೆಯಲಿಲ್ಲ.

ಸುಭದ್ರಮ್ಮ ಬೀದಿಯವರಿಗೆಲ್ಲ ಉತ್ತರ ಕೊಟ್ಟರು, ಹಾಲನ್ನು ಚೆನ್ನಾಗಿ ಕುದಿಸಿದರು, ಡಾಕ್ಟ್ರಮ್ಮ ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿದರು. ಶಿವಯೋಗಪ್ಪನವರು ಮಾತ್ರ ಫೋನನ್ನು ಮಡಿಲಲ್ಲಿಟ್ಟುಕೊಂಡು ಜಗುಲಿಯಲ್ಲಿ ಕೂತುಬಿಟ್ಟರು. ಅದು ಬಡಿದುಕೊಳ್ಳಲಿಲ್ಲ.

ಅಲ್ಲಿ ಕೂತೇ ಅವರ ತಲೆಯಲ್ಲಿ ಆ ಉಪಾಯ ಹುಟ್ಟಿದ್ದು. ನಮಗೆ ಗೊತ್ತಾದದ್ದು ಎಷ್ಟೋ ಕಾಲದ ಮೇಲೆ, ಆದರೆ ನಡೆದ ಜಾಗದಲ್ಲೇ ಹೇಳಿಬಿಡುತ್ತೇನೆ. ಹೊಳೆಹೊನ್ನೂರಿನಲ್ಲಿ ಅವರ ಹಳೆಯ ಸ್ನೇಹಿತ ಚೌಡಪ್ಪನ ಹತ್ತಿರ ತುಂಗೆಯಂಥದ್ದೇ ಬಿಳಿ ಹಸುವಿತ್ತು. ಮಾನಸ ಎರಡನೆಯ ಸಲ ರಕ್ತ ತೆಗೆಯಲು ಬರುವ ದಿನ ಶಿವಯೋಗಪ್ಪನವರು ಹೆಂಡತಿಯನ್ನು ಶಿವಮೊಗ್ಗದ ತಂಗಿಯ ಮನೆಗೆ ಸಾಗಹಾಕಿದರು. ತುಂಗೆಯನ್ನೂ ಕರುವನ್ನೂ ಹಿತ್ತಲಿನ ಸೌದೆ ಮನೆಯಲ್ಲಿ ಕೂಡಿ, ಚೌಡಪ್ಪನ ಹಸುವನ್ನು ಯಾರಿಗೂ ಕಾಣದಂತೆ ಹಿತ್ತಲ ದಾರಿಯಿಂದ ತಂದು ಕಟ್ಟಿದರು. ಅದರ ಹಣೆಯಲ್ಲಿ ಮಚ್ಚೆಯಿರಲಿಲ್ಲ. ತಾವು ತಲೆಗೆ ಹಚ್ಚಿಕೊಳ್ಳಲು ತಂದಿಟ್ಟಿದ್ದ ಹೇರ್ ಡೈ ಕಲಸಿ ಅಂಗೈಯಗಲದ ಮಚ್ಚೆ ಬರೆದರು. ಕಿವಿಯ ಬಿಲ್ಲೆಯನ್ನು ನೋಡಿ ಗುರುತು ಹಿಡಿಯೋಣವೆಂದರೆ ತುಂಗೆಯ ದಾಖಲೆಯಲ್ಲಿ ‘ಬಿಲ್ಲೆ ಇಲ್ಲ, ಹಣೆಯಲ್ಲಿ ಕಪ್ಪು ಮಚ್ಚೆ’ ಎಂದಷ್ಟೇ ಇತ್ತು. ಚೌಡಪ್ಪನ ಹಸುವಿಗಂತೂ ಬಿಲ್ಲೆಯನ್ನು ಯಾರೂ ಹಾಕಿಯೇ ಇರಲಿಲ್ಲ.

ಮಾನಸಳ ದನಿ ಕೇಳಿ ಸೌದೆ ಮನೆಯಿಂದ ತುಂಗೆ ‘ಅಂಬಾ’ ಎಂದಿತು.

“ಒಳಗಡೆ ಇನ್ನೊಂದು ಹಸು ಇದೆಯಾ ಅಂಕಲ್?”

“ಇಲ್ಲ ಡಾಕ್ಟ್ರಮ್ಮ, ಅದು ಎದುರು ಮನೆ ಆನಂದನ ಟೀವಿ. ದಿನಾ ಕೃಷಿ ಕಾರ್ಯಕ್ರಮ ನೋಡ್ತಾನೆ, ಏನ್ಮಾಡೋದು.”

ನನ್ನ ಟೀವಿ ಕೆಟ್ಟು ವರ್ಷವಾಗಿತ್ತು. ಆ ಹುಡುಗಿ ನಂಬಿದಳು. ಹಿರಿಯರು ಸುಳ್ಳು ಹೇಳುವುದಿಲ್ಲ ಎಂದುಕೊಂಡಿದ್ದಳು, ಪಾಪ.

ಈ ಸಲ ಗುಲಾಬಿ ಹನಿಯೂ ಯಂತ್ರವೂ ಒಂದೇ ಮಾತು ಹೇಳಿದವು: ಹಸುವಿಗೆ ಏನೂ ರೋಗವಿಲ್ಲ. ಜೋಯಿಸರು ಹೂವಿನ ಹಾರದೊಂದಿಗೆ ಓಡಿ ಬಂದರು. ‘ತುಂಗೆ ಪರಿಶುದ್ಧ’ ಎಂದು ಕಾಳಮ್ಮನ ಮಗ ವಾಟ್ಸಾಪಿನಲ್ಲಿ ಹಾಕಿದ, ಅದನ್ನು ಭೂತಪ್ಪನವರೂ ಹಂಚಿದರು. ಬತ್ತಿದ ಬೋರಿನ ಕಾರಣವನ್ನು ಕಾಳಮ್ಮ ಬೇರೆ ಕಡೆ ಹುಡುಕತೊಡಗಿದರು. ಶಿವಯೋಗಪ್ಪನವರು ಮತ್ತೆ ಶಲ್ಯ ಹೊದ್ದರು.

ಇಲ್ಲಿಗೆ ಮುಗಿದಿದ್ದರೆ ಇದು ನಗುವ ಕಥೆಯಾಗುತ್ತಿತ್ತು. ಆದರೆ ಸುಭದ್ರಮ್ಮ ಬೀದಿಯವರ ಮಾತನ್ನು ಮರೆತಿರಲಿಲ್ಲ. ಮರುದಿನ ಬೆಳಿಗ್ಗೆ ಅವರು ಹಾಲು ಕರೆದು, ನೊರೆ ಇಳಿಯುವ ಮೊದಲೇ ದೊಡ್ಡ ಲೋಟಕ್ಕೆ ಬಗ್ಗಿಸಿಕೊಂಡು ಜಗುಲಿಗೆ ಬಂದು ನಿಂತರು.

“ಕಾಳಮ್ಮ, ಬನ್ನಿ ಇಲ್ಲಿ! ಎಲ್ರೂ ನೋಡ್ರಿ! ನನ್ನ ತುಂಗೆಗೆ ರೋಗ ಅಂದ್ರಲ್ಲ, ಕಾಯಿಸದೆ ಕುಡೀತೀನಿ. ದಿನಾ ಕುಡೀತೀನಿ. ನಂಗೇನಾಗುತ್ತೋ ನೋಡ್ಕೊಳ್ಳಿ!”

ಹುಟ್ಟಿದಾರಭ್ಯ ಕಾಫಿಗಲ್ಲದೆ ಹಾಲು ಮುಟ್ಟದ ಹೆಂಗಸು. ಲೋಟ ಎತ್ತಿ ಗಂಡನ ಕಡೆ ನೋಡಿದರು. ಶಿವಯೋಗಪ್ಪನವರು “ಜೇನುಹುಳ!” ಎಂದು ಕಿರುಚಿ ಲೋಟಕ್ಕೆ ಹೊಡೆದರು. ಹಾಲು ಬೀದಿಯಲ್ಲಿ ಒಣಹಾಕಿದ್ದ ನನ್ನ ಹೊಸ ಶಾಮಿಯಾನದ ಮೇಲೆ ಬಿತ್ತು.

ಎರಡನೆಯ ದಿನ ಕಾಲೊರೆಸುವ ಚಾಪೆ ಎಡವಿ ಹೆಂಡತಿಯ ಮೇಲೆಯೇ ಬಿದ್ದರು. ಮೂರನೆಯ ದಿನ ಸೋಮವಾರ, ಅಭಿಷೇಕಕ್ಕೆ ಬೇಕೆಂದು ಲೋಟ ಕಿತ್ತುಕೊಂಡು ಗುಡಿಯ ಕಡೆ ಓಡಿದರು. ಆದರೆ ಸೋಮವಾರದ ನಂತರ ಮಂಗಳವಾರ ಬರುವುದನ್ನು ಫಿಟ್ಟರುಗಳಿಂದ ತಡೆಯಲು ಆಗುವುದಿಲ್ಲ. ಮಂಗಳವಾರ ಸುಭದ್ರಮ್ಮ ಲೋಟ ಹಿಡಿದು ರಸ್ತೆಯ ನಡುವೆ ನಿಂತು, ಗಂಡನ ಮುಖವನ್ನೇ ನೋಡುತ್ತ, ಗಟಗಟನೆ ಕುಡಿದು ಮುಗಿಸಿದರು. ಬೀದಿಯವರು ಚಪ್ಪಾಳೆ ತಟ್ಟಿದರು.

“ನಿಮ್ಮ ಯಜಮಾನ್ರಿಗೆ ಕೈನಡುಕ ಶುರುವಾಗಿದೆ ಸುಭದ್ರಮ್ಮ. ಶಿವಮೊಗ್ಗದಲ್ಲಿ ನರದ ಡಾಕ್ಟ್ರಿಗೆ ತೋರಿಸಿ,” ಎಂದರು ಕಾಳಮ್ಮ.

“ಹೆಂಡ್ತಿ ಹಾಲು ಕುಡಿಯೋದನ್ನೂ ಸಹಿಸಲ್ಲ, ಇದೆಂಥಾ ಗಂಡಸು ಮಾರಾಯ,” ಎಂದರು ಜೋಯಿಸರು ನನ್ನ ಕಿವಿಯಲ್ಲಿ. ನಾನೂ ಹೌದು ಎಂದು ತಲೆಯಾಡಿಸಿದೆ. ಒಂದೇ ಒಂದು ನಿಜದ ಮಾತು ಆ ಮನುಷ್ಯನ ಗಂಟಲಲ್ಲಿ ಸಿಕ್ಕಿಕೊಂಡಿದೆ ಎಂದು ನಮಗ್ಯಾರಿಗೂ ಹೊಳೆಯಲಿಲ್ಲ.

ಸುಭದ್ರಮ್ಮ ದಿನವೂ ಹಾಗೆಯೇ ಹಸಿ ಹಾಲು ಕುಡಿದರು. ಅಡಿಕೆ ಕೊಯ್ಲಿನ ಹೊತ್ತಿಗೆ ಅವರಿಗೆ ಜ್ವರ ಹಿಡಿಯಿತು. ಬೆಳಿಗ್ಗೆ ಇರುವುದಿಲ್ಲ, ಸಂಜೆಯಾದರೆ ಮೈ ಕಾಯುತ್ತದೆ, ಆಮೇಲೆ ಹಾಸಿಗೆ ಒದ್ದೆಯಾಗುವಷ್ಟು ಬೆವರು. ಸೊಂಟ ಹಿಡಿದುಕೊಂಡು ಬಾಗಲಾರದೆ ಹೋದರು. ನಮ್ಮ ಬೀದಿಯ ಡಾಕ್ಟರು ಮೊದಲು ಟೈಫಾಯ್ಡ್ ಎಂದರು, ಆಮೇಲೆ ವೈರಲ್ ಎಂದರು, ಕೊನೆಗೆ ವಯಸ್ಸು ಎಂದರು.

“ಡಾಕ್ಟ್ರೇ, ಹಸುವಿಂದ ಬರೋ ಕಾಯಿಲೆ ಏನಾದ್ರೂ ಇರಬಹುದಾ?” ಎಂದು ಶಿವಯೋಗಪ್ಪನವರು ಮೆಲ್ಲಗೆ ಕೇಳಿದರು.

“ಏನ್ರೀ ನೀವು! ನಿಮ್ಮ ಹಸು ಪರಿಶುದ್ಧ ಅಂತ ಊರಿಗೇ ಗೊತ್ತು. ನಾನೇ ವಾಟ್ಸಾಪಲ್ಲಿ ನೋಡಿದೀನಿ,” ಎಂದು ಡಾಕ್ಟರು ನಕ್ಕುಬಿಟ್ಟರು.

ಮರುದಿನ ಶಿವಯೋಗಪ್ಪನವರು ನನ್ನ ಬಾಗಿಲಿಗೆ ಬಂದು, “ಆನಂದ, ಶಿವಮೊಗ್ಗಕ್ಕೆ ಬರ್ತೀಯಾ? ಒಬ್ನೇ ಹೋದ್ರೆ ಅರ್ಧದಾರೀಲಿ ಇಳಿದು ವಾಪಸ್ ಬಂದ್ಬಿಡ್ತೀನಿ,” ಎಂದರು. ಬಸ್ಸಿನಲ್ಲಿ ಕಾರಣ ಕೇಳಿದರೆ ಕಿವಿ ಕೇಳಿಸದೆಂದು ಸನ್ನೆ ಮಾಡಿ ಕಿಟಕಿಯ ಕಡೆ ತಿರುಗಿದರು.

ಕಾಲೇಜಿನಲ್ಲಿ ಮಾನಸ ತನ್ನ ಓದಿನ ಫಲವನ್ನು ಪ್ರೊಫೆಸರುಗಳ ಮುಂದೆ ಮೈಕಿನಲ್ಲಿ ಹೇಳುತ್ತಿದ್ದಳು. ನಾವು ಹಿಂದಿನ ಸಾಲಿನಲ್ಲಿ ಕೂತೆವು. ಗೋಡೆಯ ಪರದೆಯ ಮೇಲೆ ಅಂಕಿಗಳು ಬಂದವು, ಆಮೇಲೆ ಕಪ್ಪು ಮಚ್ಚೆಯ ಒಂದು ಬಿಳಿ ಹಸು ಬಂತು.

“ಭದ್ರಾವತಿಯ ಈ ಹಸುವಿನಲ್ಲಿ ಗುಲಾಬಿ ಹನಿ ಮೊದಲ ಸಲ ರೋಗ ಇದೆ ಅಂತ ತಪ್ಪಾಗಿ ತೋರಿಸಿತು. ಆದ್ದರಿಂದ ಆ ಪರೀಕ್ಷೆಯನ್ನು ಅಷ್ಟಾಗಿ ನಂಬೋ ಹಾಗಿಲ್ಲ ಅನ್ನೋದಕ್ಕೆ...”

“ಅದು ತಪ್ಪು ಹೇಳಿಲ್ಲ ಡಾಕ್ಟ್ರಮ್ಮ!”

ಶಿವಯೋಗಪ್ಪನವರು ಎದ್ದು ನಿಂತಿದ್ದರು. ಮಂದ ಕಿವಿಯವರ ದನಿ, ಸಭೆಗೆ ಸಭೆಯೇ ತಿರುಗಿತು.

“ಅದು ನಮ್ಮ ತುಂಗೆ ಅಲ್ಲ. ಚೌಡಪ್ಪನ ಹಸು. ಮಚ್ಚೆ ನಾನು ಬರೆದದ್ದು, ನನ್ನ ಹೇರ್ ಡೈಲಿ.”

ಒಬ್ಬ ಪ್ರೊಫೆಸರು ಕನ್ನಡಕ ತೆಗೆದು ಒರೆಸಿ, ಪರದೆಯ ಹತ್ತಿರ ಹೋಗಿ ಮಚ್ಚೆಯನ್ನು ನೋಡಿದರು. ಇನ್ನೊಬ್ಬರು ಯಾವ ಕಂಪನಿಯ ಡೈ ಎಂದು ಕೇಳಿದರು, ಸಂಶೋಧನೆಗೋ ಸ್ವಂತಕ್ಕೋ ತಿಳಿಯಲಿಲ್ಲ. ಹುಡುಗರು ನಗತೊಡಗಿದರು. ಮಾನಸ ನಗಲಿಲ್ಲ, ಬೈಯಲೂ ಇಲ್ಲ. ವೇದಿಕೆ ಇಳಿದು ನಮ್ಮ ಹತ್ತಿರ ಬಂದಳು.

“ಅಂಕಲ್, ಆ ಹಾಲು ಯಾರು ಕುಡೀತಿದಾರೆ?”

ಶಿವಯೋಗಪ್ಪನವರು ಅಲ್ಲೇ, ಎಲ್ಲರೆದುರಿಗೆ, ಮಕ್ಕಳ ಹಾಗೆ ಅತ್ತರು. ನನಗೂ ಆಗ ಎಲ್ಲ ಅರ್ಥವಾಯಿತು.

ಆಮೇಲಿನದು ಬೇಗ ಬೇಗ ನಡೆಯಿತು. ಮಾನಸಳೇ ದೊಡ್ಡಾಸ್ಪತ್ರೆಯ ಡಾಕ್ಟರಿಗೆ ಫೋನ್ ಮಾಡಿದಳು. ಸುಭದ್ರಮ್ಮನನ್ನು ಸಂಜೆಯೊಳಗೆ ಶಿವಮೊಗ್ಗಕ್ಕೆ ಕರೆತಂದೆವು. ರಕ್ತದಲ್ಲಿ ಅದೇ ಕಾಯಿಲೆ ಸಿಕ್ಕಿತು. ಮಾತ್ರೆ, ಇಂಜೆಕ್ಷನ್ ತುಂಬ ದಿನ ತಗೋಬೇಕು, ಜ್ವರ ಬಿಡುತ್ತದೆ, ಆದರೆ ಬೆನ್ನುಮೂಳೆಗೆ ಇಳಿದಿರುವುದರಿಂದ ಸೊಂಟ ಮೊದಲಿನಂತೆ ಆಗುವುದು ಕಷ್ಟ ಎಂದರು ಡಾಕ್ಟರು. ತುಂಗೆಯ ರೋಗಕ್ಕೆ ಮದ್ದಿಲ್ಲವಂತೆ. ಅದನ್ನು ಬೇರೆ ದನಗಳಿಂದ ದೂರ, ಊರಾಚೆ ಒಂದು ಒಂಟಿ ಕೊಟ್ಟಿಗೆಯಲ್ಲಿ ಕಟ್ಟಿದೆವು. ಜನ್ನಾಪುರದವರು ಶಿವಯೋಗಪ್ಪನವರಿಗೆ ಏನೇನು ಅಂದರೆಂದು ಬರೆಯುವ ಮನಸ್ಸಿಲ್ಲ. ಅವರು ಅದಕ್ಕೆಲ್ಲ ಕಿವಿಯನ್ನೇ ಕೊಡಲಿಲ್ಲ, ಹೆಂಡತಿಗೆ ಹೇಳುವುದು ಇನ್ನೂ ಬಾಕಿಯಿತ್ತು.

ಆಸ್ಪತ್ರೆಯಲ್ಲಿ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು ಹೇಳಿದರು. ಚೌಡಪ್ಪನ ಹಸುವಿನಿಂದ ಹಿಡಿದು ಒಂದನ್ನೂ ಬಿಡದೆ ಹೇಳಿದರು. ನಾನು ಕಿಟಕಿಯ ಹತ್ತಿರ ಗಂಜಿಯ ಡಬ್ಬಿ ಹಿಡಿದು ನಿಂತಿದ್ದೆ. ಸುಭದ್ರಮ್ಮ ಬೈಯುತ್ತಾರೆ, ಅಳುತ್ತಾರೆ ಎಂದು ಕಾದೆ. ಅವರು ಮೇಲಿನ ಫ್ಯಾನು ನೋಡುತ್ತ, “ನಂಗೊತ್ತಿತ್ತು,” ಎಂದರು.

“ಏನು ಗೊತ್ತಿತ್ತು?”

“ರಕ್ತ ತೆಗೆಯೋ ಜಾಗದಲ್ಲಿ ಆ ಹುಡ್ಗಿ ಕೂದ್ಲು ಕತ್ತರಿಸ್ತಾಳೆ. ತಂಗಿ ಮನೆಯಿಂದ ಬಂದ ದಿನ ತುಂಗೆ ಕತ್ತು ಸವರಿದೆ. ಹೊಸದಾಗಿ ಕತ್ತರಿಸಿದ ಗುರುತೇ ಇರಲಿಲ್ಲ. ಅದರ ರಕ್ತ ತೆಗೆದೇ ಇಲ್ಲ ಅಂತ ಆಗ್ಲೇ ಗೊತ್ತಾಯ್ತು.”

“ಗೊತ್ತಿದ್ದೂ ಕುಡಿದ್ಯಾ ಮಾರಾಯ್ತಿ? ಯಾಕೆ ಕುಡಿದೆ?”

ಸುಭದ್ರಮ್ಮ ಹೊದಿಕೆಯನ್ನು ಎದೆಯವರೆಗೆ ಎಳೆದುಕೊಂಡರು.

“ನೀವು ಬೇಡ ಅಂತೀರಿ ಅಂತ. ಶಲ್ಯಕ್ಕಿಂತ ನಾನು ಹೆಚ್ಚು ಅಂತ ಅಂದ್ಕೊಂಡಿದ್ದೆ. ಲೋಟ ಎತ್ತಿದಾಗೆಲ್ಲ ನಿಮ್ಮ ಮುಖಾನೇ ನೋಡ್ತಿದ್ದೆ. ಇವತ್ತು ಹೇಳ್ತಾರೆ, ಇವತ್ತು ಹೇಳ್ತಾರೆ ಅಂತ. ನೀವು ಜೇನುಹುಳ ಅಂದ್ರಿ, ಸೋಮವಾರ ಅಂದ್ರಿ. ಅದೊಂದು ಮಾತು ಮಾತ್ರ ಹೇಳ್ಲಿಲ್ಲ.”

ನರ್ಸ್ ಬಂದು ಅಂಗೈಯಲ್ಲಿ ಮಾತ್ರೆ ಹಾಕಿ, ನೀರಿನ ಲೋಟ ಕೊಟ್ಟಳು. ಸುಭದ್ರಮ್ಮ ಸೊಂಟ ಹಿಡಿದುಕೊಂಡು ಎದ್ದು ಕೂತು, ಲೋಟ ತೆಗೆದುಕೊಂಡು, ಈ ಸಲ ಗಂಡನ ಮುಖ ನೋಡದೆ ಕುಡಿದರು.